ಹೋಸ್ಟಾ ಗಿಡ ಪಾರ್ಸೆಲ್‌ನಲ್ಲಿ ತರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಶಿಗನ್ನಿನ ನಮ್ಮ ಮನೆಯ ಹಿಂದೆ ನಾಲ್ಕು ದೊಡ್ಡ ಓಕ್ ಮರಗಳಿವೆ. ಆ ನೆರಳಿನಲ್ಲಿ ಟೊಮೆಟೊ ಬರಲಿಲ್ಲ, ಬೆಂಡೆ ಬರಲಿಲ್ಲ, ಹುಲ್ಲು ಕೂಡ ನೆಟ್ಟಗೆ ಬರಲಿಲ್ಲ. ಬಂದಿದ್ದು ಹೋಸ್ಟಾ ಮಾತ್ರ. ಈಗ ಅರವತ್ತಕ್ಕೂ ಜಾಸ್ತಿ ತಳಿಗಳಿವೆ, ಅದರಲ್ಲಿ ಮುಕ್ಕಾಲು ಪಾಲು ಪಾರ್ಸೆಲ್‌ನಲ್ಲಿ ಬಂದವು. ಕನ್ನಡ ಕೂಟದ ಊಟದ ಸಾಲಿನಲ್ಲಿ, ವಾಟ್ಸಾಪ್‌ನಲ್ಲಿ, ಊರಿನ ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರು ಕೇಳಿದ ಹಾಗೇ ಬರೆದಿದ್ದೇನೆ.

## ಮೊದಲ ಸಲ ಕೇಳುವವರಿಗೆ

ಹೋಸ್ಟಾ ಅಂದ್ರೆ ಎಲ್ಲರ ಮನೆ ಮುಂದೆ ಇರುತ್ತಲ್ಲ, ಆ ಅಗಲ ಎಲೆ ಗಿಡಾನಾ?

ಅದೇ. ನಮ್ಮ ಅತ್ತೆ ಮೊದಲ ಸಲ ಬಂದಾಗ “ಕೆಸುವಿನ ಜಾತಿನಾ ಇದು, ಪತ್ರೊಡೆ ಮಾಡಬಹುದಾ?” ಎಂದು ಕೇಳಿದ್ದರು. ಕೆಸುವಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಹೋಸ್ಟಾ ಶತಾವರಿಯ ಕುಟುಂಬದ್ದು. ಮೂಲ ಜಪಾನ್, ಕೊರಿಯಾ, ಚೀನಾ. ಹೆಸರು ಬಂದಿದ್ದು ಹೋಸ್ಟ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿಯಿಂದ, 1812ರಲ್ಲಿ. ಚಳಿಗಾಲದಲ್ಲಿ ಮೇಲಿನದ್ದೆಲ್ಲ ಸತ್ತು ನೆಲಕ್ಕೆ ಒರಗುತ್ತದೆ, ಬೇರು ಮಣ್ಣಿನೊಳಗೆ ಮಲಗಿರುತ್ತದೆ, ವಸಂತದಲ್ಲಿ ಮೊಳಕೆ ಈಟಿಯ ಹಾಗೆ ಮೇಲೆ ಬರುತ್ತದೆ. ಆ ಎಳೆ ಮೊಳಕೆಯನ್ನು ಜಪಾನಿನಲ್ಲಿ ‘ಉರುಯಿ’ ಎಂದು ಕರೆದು ಪಲ್ಯದ ಹಾಗೆ ತಿನ್ನುತ್ತಾರೆ. ಆದರೆ ನರ್ಸರಿಯಿಂದ ಬಂದ ಹೊಸ ಗಿಡವನ್ನು ಬಾಣಲೆಗೆ ಹಾಕಬೇಡಿ. ಅದಕ್ಕೆ ಯಾವ ಔಷಧಿ ಹೊಡೆದಿರುತ್ತಾರೋ ನಿಮಗೆ ಗೊತ್ತಿರುವುದಿಲ್ಲ. ನಾಯಿ, ಬೆಕ್ಕು ಇದ್ದವರಿಗೆ ಇನ್ನೊಂದು ಮಾತು: ಅವುಗಳಿಗೆ ಇದು ವಿಷ. ತಿಂದರೆ ವಾಂತಿ, ಭೇದಿ ಆಗುತ್ತದೆ.

ಹೋಮ್ ಡಿಪೋದಲ್ಲೇ ಸಿಗುತ್ತಲ್ವಾ, ಪಾರ್ಸೆಲ್ ಯಾಕೆ?

ಐದಾರು ಗಿಡ ಸಾಕು, ಯಾವುದಾದರೂ ಆಗಬಹುದು ಅನ್ನುವವರಿಗೆ ಅಂಗಡಿಯೇ ಸರಿ. ಕೈಯಲ್ಲಿ ಹಿಡಿದು, ಎಲೆ ತಿರುಗಿಸಿ ನೋಡಿ ಕೊಳ್ಳಬಹುದು, ಸಾಗಣೆ ಖರ್ಚಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರೆ ಪುಕ್ಕಟೆಯಾಗಿಯೂ ಸಿಗಬಹುದು. ಪಾರ್ಸೆಲ್ ಬೇಕಾಗುವುದು ಇಂಥದ್ದೇ ತಳಿ ಬೇಕು ಎಂಬ ಹುಚ್ಚು ಹತ್ತಿದ ಮೇಲೆ. ದಾಖಲಾದ ತಳಿಗಳೇ ಸಾವಿರಗಟ್ಟಲೆ ಇವೆ. ದೊಡ್ಡ ಅಂಗಡಿಯಲ್ಲಿ ಇಡುವುದು ಹತ್ತು ಹದಿನೈದು. ಇಲಿಯ ಕಿವಿಯಷ್ಟು ಎಲೆಯ ‘ಬ್ಲೂ ಮೌಸ್ ಇಯರ್ಸ್’ನಿಂದ ಹಿಡಿದು ಎದೆಯೆತ್ತರ ಬೆಳೆಯುವ ‘ಎಂಪ್ರೆಸ್ ವೂ’ವರೆಗೆ ಎಲ್ಲವೂ ಬೇಕೆಂದರೆ ಹೋಸ್ಟಾವನ್ನೇ ನೆಚ್ಚಿಕೊಂಡ ಸಣ್ಣ ನರ್ಸರಿಗಳ ಹತ್ತಿರವೇ ಹೋಗಬೇಕು. ಇವು ಹೆಚ್ಚಾಗಿ ಗಂಡ ಹೆಂಡತಿ ಸೇರಿ ನಡೆಸುವಂಥವು. ಫೋನ್ ಮಾಡಿದರೆ ಮಾಲೀಕರೇ ಎತ್ತುತ್ತಾರೆ, ಅರ್ಧ ಗಂಟೆ ಬಿಡುವುದಿಲ್ಲ.

ಬೆಂಗಳೂರಿಗೆ ತರಿಸಿಕೊಳ್ಳಬಹುದಾ? ಬಾಲ್ಕನಿಯಲ್ಲಿ ನೆರಳಿದೆ.

ನೆರಳಿದ್ದರೆ ಸಾಲದು, ಚಳಿ ಬೇಕು. ಹೋಸ್ಟಾ ಹಲವು ವಾರ 4-5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಿದ್ದೆ ಮಾಡಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಚಿಕ್ಕದಾಗುತ್ತದೆ, ಅದರ ಮುಂದಿನ ವರ್ಷ ಇನ್ನೂ ಚಿಕ್ಕದು, ಆಮೇಲೆ ಇಲ್ಲ. ಬೆಂಗಳೂರಿನ ಜನವರಿ ರಾತ್ರಿ ನಮಗೆ ಸ್ವೆಟರ್ ಹಾಕಿಸುತ್ತದೆ, ಹೋಸ್ಟಾಗೆ ನಿದ್ದೆ ತರಿಸುವುದಿಲ್ಲ. ಅದೂ ಅಲ್ಲದೆ ವಿದೇಶದಿಂದ ಭಾರತಕ್ಕೆ ಜೀವಂತ ಗಿಡ ತರಲು ಆಮದು ಪರವಾನಗಿ ಬೇಕು, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಸೂಟ್‌ಕೇಸಿನಲ್ಲಿ ಸೀರೆಯ ನಡುವೆ ಸುತ್ತಿ ತರುವ ಯೋಚನೆಯನ್ನು ಬಿಟ್ಟುಬಿಡಿ.

ಆನ್‌ಲೈನ್‌ನಲ್ಲಿ ‘ಹೋಸ್ಟಾ ಗೆಡ್ಡೆ’ ಎಂದು ಮಾರುವುದು ಕಂಡರೆ ಅನುಮಾನ ಪಡಿ. ಹೋಸ್ಟಾಗೆ ಈರುಳ್ಳಿಯಂಥ ಗೆಡ್ಡೆಯೇ ಇಲ್ಲ. ನಿಮ್ಮ ಬಾಲ್ಕನಿಗೆ ಕೆಲೇಡಿಯಂ ಒಳ್ಳೆಯದು. ಬಣ್ಣವೂ ಜಾಸ್ತಿ.

ಅಮೆರಿಕದಲ್ಲೇ ಇದ್ದೀವಿ, ಆದ್ರೆ ಟೆಕ್ಸಸ್‌ನಲ್ಲಿ. ಕ್ಯಾಲಿಫೋರ್ನಿಯಾದ ತಂಗೀನೂ ಕೇಳ್ತಿದ್ದಾಳೆ.

ಅಮೆರಿಕದ ಕೃಷಿ ಇಲಾಖೆಯ ಚಳಿ ನಕ್ಷೆಯಲ್ಲಿ 3ರಿಂದ 8ರವರೆಗಿನ ವಲಯ ಹೋಸ್ಟಾಗೆ ಸರಿ (ಸಂಖ್ಯೆ ಹೆಚ್ಚಿದಷ್ಟೂ ಚಳಿ ಕಮ್ಮಿ). 9ರಲ್ಲಿ ಹೆಣಗಾಟ. ಡಲ್ಲಾಸ್ ಕಡೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಧಾರಾಳ ನೀರು ಕೊಟ್ಟು ಬೆಳೆಸುವವರಿದ್ದಾರೆ. ಹ್ಯೂಸ್ಟನ್ನಿನಲ್ಲಿ ನಾನಾದರೆ ಪ್ರಯತ್ನಿಸುವುದಿಲ್ಲ. ಸೆಕೆ ಇರುವ ಕಡೆ ಚೀನಾ ಮೂಲದ ‘ಪ್ಲಾಂಟಾಜಿನಿಯಾ’ ಜಾತಿ ಮತ್ತು ಅದರ ಮಕ್ಕಳನ್ನು ಹುಡುಕಿ. ಬಿಳಿ ಹೂ, ಒಳ್ಳೆಯ ಘಮ. ಸಂಜೆ ಅರಳುತ್ತದೆ. ಸುಗಂಧರಾಜ ನೆನಪಾಗುತ್ತದೆ.

ನಿಮ್ಮ ತಂಗಿಗೆ ಇನ್ನೊಂದು ತೊಡಕು. ಕ್ಯಾಲಿಫೋರ್ನಿಯಾ ಹೊರಗಿಂದ ಬರುವ ಗಿಡಗಳನ್ನು ಬಿಗಿಯಾಗಿ ತಪಾಸಣೆ ಮಾಡುತ್ತದೆ. ಅದಕ್ಕೇ ಎಷ್ಟೋ ಸಣ್ಣ ನರ್ಸರಿಗಳು ಅಲ್ಲಿಗೆ ಕಳಿಸುವುದೇ ಇಲ್ಲ. ಆರ್ಡರ್ ಮಾಡುವ ಮುಂಚೆ ‘ಯಾವ ರಾಜ್ಯಗಳಿಗೆ ಕಳಿಸುವುದಿಲ್ಲ’ ಎಂಬ ಸಾಲನ್ನು ಓದಲು ಹೇಳಿ.

## ಆರ್ಡರ್ ಮಾಡುವಾಗ

ಒಂದು ಕಡೆ 8 ಡಾಲರ್, ಇನ್ನೊಂದು ಕಡೆ ಅದೇ ಗಿಡ 25 ಡಾಲರ್. ಮೋಸ ಯಾರು ಮಾಡ್ತಿದಾರೆ?

ಇಬ್ಬರೂ ಮಾಡದೇ ಇರಬಹುದು. ಹೆಸರು ಒಂದೇ, ಆದರೆ ಡಬ್ಬಿಯೊಳಗೆ ಬರುವುದು ಬೇರೆ. ಊರಲ್ಲಿ ಬಾಳೆ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಟಿಶ್ಯೂ ಕಲ್ಚರ್ ಬಾಳೆಯ ಪುಟ್ಟ ಸಸಿಗೂ ತಾಯಿಗಿಡದ ಬುಡದಿಂದ ಕಿತ್ತ ದಪ್ಪ ಕಂದಿಗೂ ಎಷ್ಟು ವ್ಯತ್ಯಾಸ! ಹೋಸ್ಟಾದಲ್ಲೂ ಅಷ್ಟೇ. 8 ಡಾಲರಿನದು ಲ್ಯಾಬಿನಿಂದ ಬಂದ ಒಂದೇ ಮೊಳಕೆಯ ಸಸಿ ಇರಬಹುದು, ಇಲ್ಲಿ ಅದಕ್ಕೆ ‘ಲೈನರ್’ ಎನ್ನುತ್ತಾರೆ. 25 ಡಾಲರಿನದು ಎರಡು ಮೂರು ವರ್ಷ ಹೊಲದಲ್ಲಿ ಬೆಳೆದ ಗಿಡದ ಪಾಲು ಇರಬಹುದು.

ಆದ್ದರಿಂದ ಮೊದಲು ಕೇಳಬೇಕಾದ್ದು ‘ಎಷ್ಟು ಕಣ್ಣು?’ ಎಂದು. ಕಬ್ಬಿನ ತುಂಡಿಗೆ ಕಣ್ಣು ಎಣಿಸುತ್ತೇವಲ್ಲ, ಹಾಗೇ ಹೋಸ್ಟಾದ ಬುಡದಲ್ಲಿರುವ ಮೊಗ್ಗಿಗೂ ಇಲ್ಲಿಯವರು ಕಣ್ಣು ಅಂತಲೇ ಹೇಳುತ್ತಾರೆ. ಆಮೇಲೆ ಎಷ್ಟು ವರ್ಷದ ಗಿಡ, ಪಾಟ್‌ನಲ್ಲಿ ಬೆಳೆದದ್ದೋ ನೆಲದ್ದೋ ಎಂದು ಕೇಳಿ. ಪಾಟ್‌ನ ಅಳತೆಯೊಂದನ್ನೇ ನಂಬಬೇಡಿ. ನಿನ್ನೆ ತಾನೇ ಸಣ್ಣ ಸಸಿಯನ್ನು ಒಂದು ಗ್ಯಾಲನ್ ಪಾಟ್‌ಗೆ ಕೂರಿಸಿ ‘ಒಂದು ಗ್ಯಾಲನ್ ಗಿಡ’ ಎಂದು ಮಾರಬಹುದು. ನನ್ನ ಲೆಕ್ಕದಲ್ಲಿ ಎರಡು ಕಣ್ಣಿನ, ದಪ್ಪ ಬೇರಿನ ಗಿಡಕ್ಕೆ ಹದಿನೈದು ಡಾಲರ್ ಕೊಟ್ಟರೆ ಅದು ಒಳ್ಳೆಯ ವ್ಯಾಪಾರ. ಒಂದು ಕಣ್ಣಿನ ಸಸಿಗೆ ಎಂಟು ಕೊಟ್ಟರೆ ಅಗ್ಗ ಅನ್ನಿಸುತ್ತದೆ, ಆದರೆ ಎರಡು ವರ್ಷ ಜಾಸ್ತಿ ಕಾಯಬೇಕು.

ಫೋಟೋದಲ್ಲಿ ಇರೋ ಹಾಗೆ ಬರುತ್ತಾ?

ಬರುತ್ತದೆ, ಆದರೆ ಐದು ವರ್ಷ ಬೇಕು. ಫೋಟೋ ಸುಳ್ಳೇನಲ್ಲ, ಆದರೆ ಪೂರ್ತಿ ಬೆಳೆದ ಗಿಡವನ್ನು, ಮಳೆ ಬಿದ್ದ ಬೆಳಿಗ್ಗೆ, ಜೂನ್ ಮೊದಲ ವಾರದಲ್ಲಿ ತೆಗೆದಿರುತ್ತಾರೆ. ಮೊದಲ ವರ್ಷ ಮಲಗುತ್ತೆ, ಎರಡನೇ ವರ್ಷ ತೆವಳುತ್ತೆ, ಮೂರನೇ ವರ್ಷ ಜಿಗಿಯುತ್ತೆ ಎಂದು ಇಲ್ಲಿಯ ತೋಟದವರು ಹೇಳುತ್ತಾರೆ. ಎಳೆಯ ಗಿಡದ ಎಲೆ ಸಪೂರ, ಗೆರೆ ಕಮ್ಮಿ, ಸುಕ್ಕು ಇಲ್ಲ. ‘ಸಮ್ ಅಂಡ್ ಸಬ್‌ಸ್ಟೆನ್ಸ್’ ಎಂಬ ಬೃಹತ್ ಹಳದಿ ತಳಿ ನನಗೆ ಬಂದಾಗ ವೀಳ್ಯದೆಲೆಯಷ್ಟು ಎಲೆ ಇತ್ತು. ಬೇರೆ ಗಿಡ ಕಳಿಸಿದ್ದಾರೆ ಎಂದು ಫೋನ್ ಮಾಡಿ ಜಗಳ ಆಡಿದ್ದೆ. ಈಗ ಅದರ ಒಂದೊಂದು ಎಲೆಯಲ್ಲೂ ಊಟ ಬಡಿಸಬಹುದು. ಆ ಫೋನ್ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ನೀಲಿ, ಗುಲಾಬಿ, ಕಾಮನಬಿಲ್ಲಿನ ಬಣ್ಣದ ಹೋಸ್ಟಾ ಬೀಜ 200ಕ್ಕೆ 3 ಡಾಲರ್ ಅಂತೆ. ತಗೊಳ್ಳಲಾ?

ಬೇಡ. ಅಂಥ ಗಿಡವೇ ಇಲ್ಲ. ‘ನೀಲಿ’ ಹೋಸ್ಟಾ ಅಂದರೆ ಹಸಿರು ಎಲೆಯ ಮೇಲೆ ಮೇಣದ ಬೂದಿ. ದ್ರಾಕ್ಷಿಯ ಮೇಲಿರುತ್ತದಲ್ಲ, ಆ ಥರದ್ದು. ಉಜ್ಜಿದರೆ ಹೋಗುತ್ತದೆ. ಬಿಸಿಲು ಏರಿದ ಹಾಗೆ ಅದೂ ಕರಗಿ ಆಗಸ್ಟ್‌ಗೆ ಮಾಮೂಲಿ ಹಸಿರಾಗುತ್ತದೆ. ಇನ್ನು ಬೀಜದ ಮಾತು. ಹೆಸರಿರುವ ತಳಿ ಬೀಜದಿಂದ ಹಾಗೇ ಬರುವುದಿಲ್ಲ, ಮಾವಿನ ಓಟೆ ನೆಟ್ಟ ಹಾಗೆ. ರಸಪುರಿ ಬೇಕಾದರೆ ಕಸಿ ಗಿಡವೇ ಬೇಕು ತಾನೇ? ಬಿಳಿ ಅಂಚು, ಹಳದಿ ನಡು ಇರುವ ಹೋಸ್ಟಾದ ಬೀಜದಿಂದ ಸಾಮಾನ್ಯವಾಗಿ ಒಂದೇ ಬಣ್ಣದ ಸಸಿ ಬರುತ್ತದೆ.

2020ರ ಬೇಸಿಗೆಯಲ್ಲಿ ಅಮೆರಿಕದ ಎಷ್ಟೋ ಮನೆಗಳಿಗೆ ಕೇಳದೇ ವಿದೇಶದಿಂದ ಬೀಜದ ಪೊಟ್ಟಣ ಬಂದು, ನೆಡಬೇಡಿ ಎಂದು ಕೃಷಿ ಇಲಾಖೆಯೇ ಹೇಳಬೇಕಾಯಿತು. ದುಡ್ಡು ಕೊಟ್ಟು ಅದೇ ಕೆಲಸ ಯಾಕೆ?

ಯಾವಾಗ ಆರ್ಡರ್ ಮಾಡಬೇಕು, ಯಾವಾಗ ಕಳಿಸ್ತಾರೆ?

ಆರ್ಡರ್ ಮಾಡುವುದು ಜನವರಿ, ಫೆಬ್ರವರಿಯಲ್ಲಿ, ಹೊರಗೆ ಹಿಮ ಬೀಳುತ್ತಿರುವಾಗ. ಒಳ್ಳೆಯವು ಆಗಲೇ ಖಾಲಿಯಾಗುತ್ತವೆ. ಕಳಿಸುವುದು ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ, ಮತ್ತೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ನಲ್ಲಿ. ಜುಲೈ ಬಿಸಿಗೆ ಲಾರಿಯೊಳಗೆ ಗಿಡ ಬೆಂದುಹೋಗುತ್ತದೆ, ಕಳಿಸುತ್ತೇವೆ ಎಂದರೂ ಬೇಡ ಅನ್ನಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ನಾರ್ತ್ ಕ್ಯಾರೊಲಿನಾದಂಥ ದಕ್ಷಿಣದ ನರ್ಸರಿಯಲ್ಲಿ ಏಪ್ರಿಲ್ ಹೊತ್ತಿಗೆ ಗಿಡ ಪೂರ್ತಿ ಎಲೆ ಬಿಟ್ಟಿರುತ್ತದೆ. ನಮ್ಮಲ್ಲಿ ಮೇ ಮಧ್ಯದವರೆಗೂ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಇರುತ್ತವೆ. ಆ ಎಳೆ ಎಲೆ ಹೊರಗಿಟ್ಟರೆ ಒಂದೇ ರಾತ್ರಿಯಲ್ಲಿ ಬೇಯಿಸಿದ ಸೊಪ್ಪಾಗುತ್ತದೆ. ಆದ್ದರಿಂದ ದಕ್ಷಿಣದಿಂದ ತರಿಸುವಾಗ ‘ಮೇ 15ರ ನಂತರ ಕಳಿಸಿ’ ಎಂದು ಬರೆಯಿರಿ. ಒಳ್ಳೆಯ ನರ್ಸರಿಯವರು ಸೋಮವಾರ, ಮಂಗಳವಾರ ಮಾತ್ರ ಅಂಚೆಗೆ ಹಾಕುತ್ತಾರೆ, ಶನಿವಾರ ಭಾನುವಾರ ಗೋದಾಮಿನಲ್ಲಿ ಬಿದ್ದಿರಬಾರದು ಅಂತ. ಗುರುವಾರ ಕಳಿಸಿದವರ ಹತ್ತಿರ ನಾನು ಎರಡನೇ ಸಲ ಕೊಂಡಿಲ್ಲ.

ಸಾಗಣೆ ಖರ್ಚು ಗಿಡಕ್ಕಿಂತ ಜಾಸ್ತಿ ಆಗುತ್ತಲ್ಲಾ!

ಒಂದೇ ಗಿಡ ತರಿಸಿದರೆ ಆಗುತ್ತದೆ. ಮೂರು ಮನೆಯವರು ಸೇರಿ ಒಂದು ಡಬ್ಬಿ ತರಿಸಿ. ನಾವು ಪ್ರತಿ ವರ್ಷ ಹಾಗೇ ಮಾಡುವುದು. ಹಂಚಿಕೊಳ್ಳುವಾಗ ಹೆಸರಿನ ಚೀಟಿ ಅದಲುಬದಲಾಗದಂತೆ ನೋಡಿಕೊಳ್ಳಿ, ಅಷ್ಟೇ.

## ಡಬ್ಬಿ ಬಂದ ಮೇಲೆ

ಮಣ್ಣೇ ಇಲ್ಲದೆ ಬರೀ ಬೇರು ಬಂದಿದೆ! ಸತ್ತಿದೆಯಾ?

ಸತ್ತಿಲ್ಲ. ಮಣ್ಣು ತೊಳೆದು ಕಳಿಸಿದರೆ ತೂಕ ಕಮ್ಮಿ, ಮಣ್ಣಿನ ಜೊತೆ ಹುಳ ಬರುವುದಿಲ್ಲ, ಬೇರು ಹೇಗಿದೆ ಎಂದು ನಿಮಗೂ ಕಾಣುತ್ತದೆ. ನನಗಂತೂ ಪಾಟ್‌ಗಿಂತ ಬರೀ ಬೇರೇ ಇಷ್ಟ. ಬೇರು ಬಿಳಿಯಾಗಿ ಅಥವಾ ತಿಳಿ ಕಂದು ಬಣ್ಣದಲ್ಲಿ, ದಾರದಂತಲ್ಲದೆ ಶಾವಿಗೆಯಂತೆ ದಪ್ಪಗೆ ಇರಬೇಕು. ಬುಡವನ್ನು ಹೆಬ್ಬೆರಳಿಂದ ಒತ್ತಿ ನೋಡಿ: ಗಟ್ಟಿ ಇದ್ದರೆ ಸರಿ. ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಮಾತ್ರ ಚಿಂತೆ. ಎಲೆ ಮುರಿದಿದ್ದರೆ, ಹಳದಿಯಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಬಂದ ದಿನವೇ ನೆಡಬೇಕಾ? ಆಫೀಸಿದೆ.

ಅವತ್ತೇ ಡಬ್ಬಿ ತೆರೆಯಲೇಬೇಕು. ನೆಡುವುದು ಮರುದಿನ ಆದರೂ ನಡೆಯುತ್ತದೆ. ಒಂದು ಸಲ ನಾವು ರಜೆಗೆ ಹೋದಾಗ ಡಬ್ಬಿ ಬಂದು ನಾಲ್ಕು ದಿನ ಬಿಸಿಲಿನ ಮೆಟ್ಟಿಲ ಮೇಲೆ ಕೂತಿತ್ತು. ಒಂಬತ್ತರಲ್ಲಿ ಮೂರು ಉಳಿದವು. ಅದರಲ್ಲಿ ನರ್ಸರಿಯ ತಪ್ಪು ಒಂದಿಷ್ಟೂ ಇರಲಿಲ್ಲ.

ಬೇರನ್ನು ಒಂದು ಗಂಟೆ ತಣ್ಣೀರಲ್ಲಿ ನೆನೆಸಿ. ಕೊಳೆತ, ಮುರಿದ ತುದಿ ಕತ್ತರಿಸಿ. ಗುಂಡಿ ಆಳಕ್ಕಿಂತ ಅಗಲವಾಗಿರಲಿ. ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಬೇರನ್ನು ಸುತ್ತ ಹರಡಿ, ಬುಡ ನೆಲಮಟ್ಟಕ್ಕೆ ಬರುವ ಹಾಗೆ ಕೂರಿಸಿ. ತುಂಬ ಆಳಕ್ಕೆ ಹೂತರೆ ಕೊಳೆಯುತ್ತದೆ. ನೀರು ಧಾರಾಳ ಹಾಕಿ, ಗೊಬ್ಬರ ಸದ್ಯಕ್ಕೆ ಬೇಡ.

ಬಂದದ್ದು ಒಂದೇ ಕಣ್ಣಿನ ಸಸಿಯಾದರೆ ನೇರ ನೆಲಕ್ಕೆ ಹಾಕಬೇಡಿ. ಒಂದು ವರ್ಷ ಪಾಟ್‌ನಲ್ಲಿ ಸಾಕಿ. ಅದರಲ್ಲೂ ಮೇಪಲ್ ಮರದ ಕೆಳಗೆ ಸಣ್ಣ ಸಸಿ ನೆಟ್ಟರೆ ಮರದ ಬೇರು ಎಲ್ಲ ನೀರನ್ನೂ ಕುಡಿದುಬಿಡುತ್ತದೆ. ಇದನ್ನು ನಾನು ಆರು ಗಿಡ ಕಳೆದುಕೊಂಡು ಕಲಿತೆ.

ಸರಿ ಇಲ್ಲದಿದ್ರೆ ದುಡ್ಡು ವಾಪಸ್ ಕೊಡ್ತಾರಾ?

ಹೆಚ್ಚಿನವರು ಕೊಡುತ್ತಾರೆ, ಇಲ್ಲವೇ ಬೇರೆ ಗಿಡ ಕಳಿಸುತ್ತಾರೆ. ಆದರೆ ಬಂದ ಕೆಲವೇ ದಿನಗಳಲ್ಲಿ ತಿಳಿಸಬೇಕು, ಎಷ್ಟು ದಿನ ಎಂಬುದು ಒಬ್ಬೊಬ್ಬರದು ಒಂದೊಂದು ಥರ. ಡಬ್ಬಿ ತೆರೆಯುವಾಗಲೇ ಬೇರು, ಬುಡ, ಚೀಟಿ ಮೂರರ ಫೋಟೋ ತೆಗೆದಿಡಿ. ಬೈಯುವ ಮೇಲ್‌ಗಿಂತ ಫೋಟೋ ಇರುವ ಎರಡು ಸಾಲಿನ ಮೇಲ್ ಬೇಗ ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ಸತ್ತದ್ದಕ್ಕೆ, ಜಿಂಕೆ ತಿಂದದ್ದಕ್ಕೆ ಯಾರೂ ಕೊಡುವುದಿಲ್ಲ. ಜಿಂಕೆಗೆ ಹೋಸ್ಟಾ ಅಂದರೆ ಹಬ್ಬದೂಟ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

## ಹುಚ್ಚು ಹತ್ತಿದವರಿಗೆ

ಎಲ್ಲರೂ ವೈರಸ್ ವೈರಸ್ ಅಂತಾರೆ. ಅಷ್ಟು ಭಯ ಪಡಬೇಕಾ?

ಪಾರ್ಸೆಲ್ ವಿಷಯದಲ್ಲಿ ನಾನು ನಿಜವಾಗಿ ಭಯ ಪಡುವುದು ಇದೊಂದಕ್ಕೇ. ಇದರ ಹೆಸರು ಹೋಸ್ಟಾ ವೈರಸ್ ಎಕ್ಸ್. 1996ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದ ಬೆನ್ ಲಾಕ್‌ಹಾರ್ಟ್ ಗುರುತಿಸಿದರು. ಔಷಧಿ ಇಲ್ಲ. ರಸದಿಂದ ಹರಡುತ್ತದೆ: ಸೋಂಕಿದ ಗಿಡ ಕತ್ತರಿಸಿದ ಚಾಕು, ಗುದ್ದಲಿ, ಕೈಬೆರಳು, ಎಲ್ಲದರಿಂದ.

ಲಕ್ಷಣ ಹೇಗೆ ಗೊತ್ತಾ? ಹಸಿ ಕಾಗದದ ಮೇಲೆ ಶಾಯಿ ಹರಡಿದ ಹಾಗೆ ಎಲೆಯ ನರಗಳ ಉದ್ದಕ್ಕೂ ಗಾಢ ಹಸಿರು ಹರಡಿಕೊಳ್ಳುತ್ತದೆ. ಹಳದಿ ಎಲೆಯ ತಳಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕೆಲವೊಮ್ಮೆ ಎಲೆಯ ಆ ಭಾಗ ಉಬ್ಬಿ, ಕುಗ್ಗಿ, ಬೇರೆ ಥರ ದಪ್ಪವಾಗುತ್ತದೆ. ತಮಾಷೆ ಅಂದರೆ ಶುರುವಿನಲ್ಲಿ ಜನ ಇದನ್ನೇ ಹೊಸ ಚೆಲುವು ಅಂದುಕೊಂಡರು. ‘ಬ್ರೇಕ್‌ಡಾನ್ಸ್’, ‘ಲೆಪರ್ಡ್ ಫ್ರಾಗ್’, ‘ಲೂನಸಿ’ ಎಂಬ ಹೆಸರಿಟ್ಟು ಮಾರಿದ್ದು ಬೇರೇನಲ್ಲ, ರೋಗ ಬಿದ್ದ ಗಿಡಗಳನ್ನೇ. ಆ ಹೆಸರುಗಳನ್ನು ಈಗಲೂ ಮಾರುವವರ ಹತ್ತಿರ ಏನನ್ನೂ ಕೊಳ್ಳಬೇಡಿ.

ಕಷ್ಟ ಏನೆಂದರೆ ಸೋಂಕು ತಗುಲಿದ ಗಿಡ ವರ್ಷಗಟ್ಟಲೆ ಏನೂ ತೋರಿಸದೆ ಚೆನ್ನಾಗಿಯೇ ಇರಬಹುದು. ನನ್ನ ತೋಟಕ್ಕೆ ಬಂದಿದ್ದೂ ಹಾಗೆ. ಒಂದು ಕಡೆಯಿಂದ ಅಗ್ಗಕ್ಕೆ ತಂದ ಕಟ್ಟಿನಲ್ಲಿದ್ದ ಗಿಡ ಮೂರನೇ ವರ್ಷ ಮೈ ತೋರಿಸಿತು. ಅಷ್ಟರಲ್ಲಿ ಅದೇ ಚಾಕುವಿನಿಂದ ಇನ್ನೆಷ್ಟು ಕತ್ತರಿಸಿದ್ದೆನೋ. ಹನ್ನೊಂದು ಗಿಡ ಕಿತ್ತು ಕಸಕ್ಕೆ ಹಾಕಿದೆ, ಕಾಂಪೋಸ್ಟ್‌ಗಲ್ಲ. ಕೊಳ್ಳುವ ಮುಂಚೆ ‘ನೀವು ವೈರಸ್ ಪರೀಕ್ಷೆ ಮಾಡುತ್ತೀರಾ, ಗಿಡ ಎಲ್ಲಿಂದ ತರುತ್ತೀರಾ?’ ಎಂದು ನೇರವಾಗಿ ಕೇಳಿ. ಒಳ್ಳೆಯವರಿಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ. ಮನೆಯಲ್ಲೇ ಮಾಡುವ ಪಟ್ಟಿ ಪರೀಕ್ಷೆಯೂ ಸಿಗುತ್ತದೆ, ಎಲೆಯ ಚೂರು ಅರೆದು ಪಟ್ಟಿ ಅದ್ದಿದರೆ ಗೆರೆ ಮೂಡುತ್ತದೆ, ಕೋವಿಡ್ ಕಾಲದ್ದರ ಹಾಗೇ. ಹೊಸ ಗಿಡಗಳನ್ನು ಒಂದೆರಡು ವರ್ಷ ಬೇರೆ ಮೂಲೆಯಲ್ಲಿ ಪಾಟ್‌ನಲ್ಲಿಡಿ. ಗಿಡದಿಂದ ಗಿಡಕ್ಕೆ ಹೋಗುವಾಗ ಚಾಕು ತೊಳೆಯಿರಿ.

ಒಂದೇ ಹೆಸರು, ನನ್ನ ಗಿಡಕ್ಕೆ ಬಿಳಿ ಅಂಚು ಇಲ್ಲ. ಬೇರೆ ಕಳಿಸಿದ್ದಾರಾ?

ಎರಡು ಸಾಧ್ಯತೆ ಇವೆ. ಚೀಟಿ ತಪ್ಪಿರಬಹುದು. ಅಥವಾ ಗಿಡವೇ ಮನಸ್ಸು ಬದಲಿಸಿರಬಹುದು. ಪಟ್ಟೆ ಇರುವ ಹೋಸ್ಟಾ ಆಗಾಗ ತನ್ನ ಹಳೆಯ ರೂಪಕ್ಕೆ ಮರಳುತ್ತದೆ, ಲ್ಯಾಬ್‌ನಲ್ಲಿ ಬೆಳೆಸುವಾಗ ಇನ್ನೂ ಜಾಸ್ತಿ. ಈ ಚಂಚಲತನದಿಂದಲೇ ಹೊಸ ತಳಿಗಳೂ ಹುಟ್ಟುತ್ತವೆ. ಇಂಗ್ಲೆಂಡಿನ ನೀಲಿ ‘ಹ್ಯಾಲ್ಸಿಯನ್’ನಿಂದ ಬಣ್ಣ ಬದಲಿಸಿ ಬಂದದ್ದೇ ‘ಜೂನ್’. 2001ರಲ್ಲಿ ಅಮೆರಿಕದ ಹೋಸ್ಟಾ ಬೆಳೆಗಾರರ ಸಂಘ ಅದನ್ನು ವರ್ಷದ ಹೋಸ್ಟಾ ಎಂದು ಆರಿಸಿತು. ‘ಫ್ರಾನ್ಸಿಸ್ ವಿಲಿಯಮ್ಸ್’ ಎಂಬ ಹಳದಿ ಅಂಚಿನ ಪ್ರಸಿದ್ಧ ಗಿಡವೂ 1936ರಲ್ಲಿ ಕನೆಕ್ಟಿಕಟ್‌ನ ನರ್ಸರಿಯ ಸಾಲಿನಲ್ಲಿ ಅದೇ ಹೆಸರಿನ ಮಹಿಳೆಯ ಕಣ್ಣಿಗೆ ಬಿದ್ದ ಇಂಥದೇ ಒಂದು. ನಿಮ್ಮ ಗಿಡದಲ್ಲಿ ಒಂದೇ ಒಂದು ಕಣ್ಣು ಹಸಿರಾಗಿದ್ದರೆ ಬೇಗ ಕಿತ್ತು ಬೇರೆ ಮಾಡಿ. ಹಸಿರು ಭಾಗಕ್ಕೆ ಬಲ ಜಾಸ್ತಿ, ಬಿಟ್ಟರೆ ಉಳಿದದ್ದನ್ನು ನುಂಗುತ್ತದೆ.

ತುಂಬ ಚೆಂದ ಇದೆ, 40 ಡಾಲರ್ ಆದ್ರೂ ಪರವಾಗಿಲ್ಲ ಅನ್ನಿಸ್ತಿದೆ. ಹೊಸ ತಳಿ ತಗೊಳ್ಲಾ?

ಮೂರು ವರ್ಷ ತಡೆದರೆ ಅದೇ ಗಿಡ ಅರ್ಧ ಬೆಲೆಗೆ ಬರುತ್ತದೆ. ಅಷ್ಟರಲ್ಲಿ ಅದು ಬೇರೆಯವರ ತೋಟದಲ್ಲಿ ಬಾಳಿತೋ ಇಲ್ಲವೋ ಎಂಬುದೂ ಗೊತ್ತಾಗಿರುತ್ತದೆ. ನಡುವೆ ಬಿಳಿ ಜಾಸ್ತಿ ಇರುವ ಗಿಡ ಫೋಟೋದಲ್ಲಿ ಮಾತ್ರ ಸುಖ. ಬಿಳಿ ಭಾಗ ಅಡುಗೆ ಮಾಡುವುದಿಲ್ಲ, ಊಟ ಮಾಡುತ್ತದೆ ಅಷ್ಟೇ. ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಎಂಬುದು ಸೊಗಸುಗಾತಿ, ಆದರೆ ಹಟಮಾರಿ ಎಂದು ಎಲ್ಲರೂ ಹೇಳಿದ್ದರು. ಕೇಳಲಿಲ್ಲ. ಆರು ವರ್ಷವಾಯಿತು, ಇವತ್ತಿಗೂ ಎರಡೇ ಕಣ್ಣು. ಹಣ ಕೊಡುವ ಮೊದಲು ಒಮ್ಮೆ ಬೆಳೆದ ಗಿಡ ನೋಡಿ ಬನ್ನಿ. ಮಿಶಿಗನ್ನಿನವರು ಟಿಪ್ಟನ್ನಿನ ಹಿಡನ್ ಲೇಕ್ ಗಾರ್ಡನ್ಸ್‌ಗೆ ಹೋದರೆ ಒಂದು ಇಡೀ ಗುಡ್ಡದ ಇಳಿಜಾರೇ ಹೋಸ್ಟಾ. ಅಯೋವಾ ಕಡೆಯವರಿಗೆ ಡಬ್ಯೂಕ್‌ನ ಸಸ್ಯೋದ್ಯಾನ ಇದೆ.

ಲಂಡನ್‌ನಲ್ಲಿದ್ದೀನಿ. ನೀವು ತರಿಸೋ ನರ್ಸರಿಯಿಂದಲೇ ತರಿಸಬಹುದಾ?

ಬೇಡ, ಸಸ್ಯ ಆರೋಗ್ಯ ಪ್ರಮಾಣಪತ್ರದ ಖರ್ಚು ಗಿಡದ ಬೆಲೆಯನ್ನು ಮೀರುತ್ತದೆ. ಇಂಗ್ಲೆಂಡಿನಲ್ಲೇ ಹೋಸ್ಟಾಗೆ ಮೀಸಲಾದ ಒಳ್ಳೆಯ ನರ್ಸರಿಗಳಿವೆ, ಅಂಚೆಯಲ್ಲೂ ಕಳಿಸುತ್ತಾರೆ. ನಿಮ್ಮ ಮಳೆಗೆ ಹೋಸ್ಟಾ ನಮಗಿಂತ ಚೆನ್ನಾಗಿ ಬರುತ್ತದೆ. ಎಲೆ ತಿನ್ನುವ ಚಿಪ್ಪಿಲ್ಲದ ಬಸವನಹುಳುವೂ ಅಷ್ಟೇ ಚೆನ್ನಾಗಿ ಬರುತ್ತದೆ, ಆದ್ದರಿಂದ ದಪ್ಪ ಎಲೆಯ ತಳಿ ಆರಿಸಿ.

ನಿಮ್ಮ ಹತ್ತಿರ ಇಷ್ಟೊಂದು ಇದೆಯಲ್ಲ, ಒಡೆದು ನಮಗೂ ಕೊಡ್ತೀರಾ?

ಎಲ್ಲವನ್ನೂ ಅಲ್ಲ. ಹೊಸ ತಳಿ ಎಷ್ಟೋ ಪೇಟೆಂಟ್ ಆಗಿರುತ್ತವೆ, ಚೀಟಿಯ ಮೇಲೆ ಬರೆದಿರುತ್ತದೆ. ಪೇಟೆಂಟಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅಲ್ಲಿಯವರೆಗೆ ಒಡೆದು ಹಂಚುವ ಹಾಗಿಲ್ಲ, ಪುಕ್ಕಟೆಯಾಗಿಯೂ ಇಲ್ಲ. ‘ಫ್ರಾನ್ಸಿಸ್ ವಿಲಿಯಮ್ಸ್’, ‘ಹ್ಯಾಲ್ಸಿಯನ್’ನಂಥ ಹಳಬರಿಗೆ ಆ ತೊಂದರೆ ಇಲ್ಲ. ಸೆಪ್ಟೆಂಬರ್ ಮೊದಲ ವಾರ ಬನ್ನಿ, ಮಳೆ ಬಂದ ಮರುದಿನವಾದರೆ ಅಗೆಯಲು ಸುಲಭ. ಒಂದು ಖಾಲಿ ಡಬ್ಬಿ, ಹಳೆಯ ಪೇಪರ್ ತನ್ನಿ. ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಒಂದನ್ನು ಮಾತ್ರ ಕೇಳಬೇಡಿ.